ವಾಲ್ವ್ ಕೂರುವ ಜಾಗ

ಹಳೆಯ ಪೆಟ್ರೋಲ್ ಜೀಪಿಗೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸಿದವರಿಗೆ ಎಂಜಿನ್ನಿನ ಆರೋಗ್ಯ ತೋಳಿನಲ್ಲೇ ತಿಳಿಯುತ್ತದೆ. ಇಗ್ನಿಷನ್ ಆಫ್ ಮಾಡಿ ನಿಧಾನಕ್ಕೆ ತಿರುಗಿಸುತ್ತ ಹೋದರೆ ಎರಡು ಸುತ್ತಿನಲ್ಲಿ ನಾಲ್ಕು ಸಲ ಕೈಗೆ ತಡೆ ಸಿಗಬೇಕು. ಒಂದು, ಮೂರು, ನಾಲ್ಕು, ಎರಡು ಎಂಬ ಸರದಿಯಲ್ಲಿ ಒಂದೊಂದು ಸಿಲಿಂಡರೂ ಗಾಳಿಯನ್ನು ಅದುಮಿ ಹಿಡಿದು ಕೈಗೆ ಎದುರು ನಿಲ್ಲಬೇಕು. ಮೂರು ಕಡೆ ಗಟ್ಟಿಯಾಗಿ ನಿಂತು ಒಂದು ಕಡೆ ಹ್ಯಾಂಡಲ್ ಸಲೀಸಾಗಿ ಜಾರಿತೆಂದರೆ ಆ ಸಿಲಿಂಡರಿನ ಗಾಳಿ ಎಲ್ಲೋ ಸೋರಿಹೋಗುತ್ತಿದೆ. ಎಲ್ಲಿ ಎಂಬುದಕ್ಕೆ ಕಿವಿ ಸಾಕು. ಕಾರ್ಬುರೇಟರ್ ಬಾಯಲ್ಲಿ ಉಸ್ಸೆಂದರೆ ಇನ್ಲೆಟ್ ವಾಲ್ವ್, ಆಯಿಲ್ ತುಂಬುವ ಕೊಳವೆಯಲ್ಲಿ ಉಸ್ಸೆಂದರೆ ಪಿಸ್ಟನ್ ರಿಂಗು, ಸೈಲೆನ್ಸರಿನ ತುದಿಯಲ್ಲಿ ಉಸ್ಸೆಂದರೆ ಎಕ್ಸಾಸ್ಟ್ ವಾಲ್ವ್. ಹೆಚ್ಚಿನ ಸಲ ಉಸಿರು ಕೇಳುವುದು ಸೈಲೆನ್ಸರಿನಲ್ಲೇ.

ಮೂಡಿಗೆರೆ, ಸಕಲೇಶಪುರ, ಕೊಡಗಿನ ಕಾಫಿ ತೋಟಗಳಲ್ಲಿ ಇಂಥ ಜೀಪುಗಳು ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿವೆ. ನಾನು ಇಟ್ಟುಕೊಂಡಿರುವುದೂ ಅಂಥದ್ದೇ: ವಿಲ್ಲೀಸ್ ಕಂಪೆನಿಯ ನಮೂನೆಯಲ್ಲಿ ಮಹೀಂದ್ರಾದವರು ತಯಾರಿಸಿದ, ಎತ್ತರದ ಬಾನೆಟ್ಟಿನ ಸಿಜೆ 3ಬಿ. ಬಾನೆಟ್ ಅಷ್ಟು ಎತ್ತರವಾಗಿರಲು ಅದರಡಿಯ ಎಂಜಿನ್ನೇ ಕಾರಣ. ಎರಡನೇ ಮಹಾಯುದ್ಧದ ಜೀಪಿನಲ್ಲಿ ವಾಲ್ವುಗಳೆಲ್ಲ ಬ್ಲಾಕಿನಲ್ಲಿ, ಸಿಲಿಂಡರುಗಳ ಪಕ್ಕದಲ್ಲಿದ್ದವು. ಆಮೇಲೆ ಬಂದ ಹರಿಕೇನ್ ಎಂಜಿನ್ನಿನಲ್ಲಿ ಇನ್ಲೆಟ್ ವಾಲ್ವನ್ನು ಮೇಲಕ್ಕೆ, ಹೆಡ್ಡಿಗೆ ಒಯ್ದು ದೊಡ್ಡದು ಮಾಡಿದರು. ಎಕ್ಸಾಸ್ಟ್ ವಾಲ್ವನ್ನು ಬ್ಲಾಕಿನಲ್ಲೇ ಬಿಟ್ಟರು. ಎಂಜಿನ್ ಎತ್ತರವಾಯಿತು, 1953ರಲ್ಲಿ ಅಮೆರಿಕದಲ್ಲಿ ಬಂದ 3ಬಿ ಜೀಪಿನ ಬಾನೆಟ್ಟೂ ಅದಕ್ಕೆ ತಕ್ಕಂತೆ ಮೇಲೆದ್ದಿತು. 134 ಘನ ಇಂಚು, ಅಂದರೆ ಸುಮಾರು 2200 ಸಿಸಿಯ ಈ ನಾಲ್ಕು ಸಿಲಿಂಡರಿನ ಎಂಜಿನ್ ನನಗೆ ಬಹಳ ಇಷ್ಟ. ಕಡಿಮೆ ವೇಗದಲ್ಲಿ ಅದು ಎಳೆಯುವ ಬಗೆ, ಕೆಸರಿನ ಏರಿನಲ್ಲಿ ಅವಸರವಿಲ್ಲದೆ ಹತ್ತುವ ಬಗೆ, ತೋಟದ ರಸ್ತೆಗೆಂದೇ ಹೇಳಿ ಮಾಡಿಸಿದಂತಿದೆ.

ಆದರೆ ಆ ಏರ್ಪಾಡಿಗೊಂದು ಪರಿಣಾಮವಿದೆ. ಮಾಮೂಲಿ ಎಂಜಿನ್ನಿನಲ್ಲಿ ವಾಲ್ವ್ ಕೂರುವ ಜಾಗ, ಅಂದರೆ ಸೀಟು, ಕೆಟ್ಟರೆ ಹೆಡ್ ಬಿಚ್ಚಿ, ಗೋಣಿಯಲ್ಲಿ ಸುತ್ತಿ, ಹಾಸನದ್ದೋ ಮಂಗಳೂರಿನದ್ದೋ ಬಸ್ಸಿಗೆ ಹಾಕಿಕೊಂಡು ಹೋಗಿ ಮಷೀನಿಗೆ ಕೊಡಬಹುದು. ಹರಿಕೇನಿನಲ್ಲಿ ಬೇಗ ಕೆಡುವ ಎಕ್ಸಾಸ್ಟ್ ಸೀಟು ಇರುವುದು ಬ್ಲಾಕಿನಲ್ಲಿ. ಅದನ್ನು ಮಷೀನಿಗೆ ಒಯ್ಯಬೇಕಾದರೆ ಇಡೀ ಎಂಜಿನ್ನನ್ನು ಚೈನ್ ಕಪ್ಪಿ ಕಟ್ಟಿ ಹೊರಗೆ ತೆಗೆಯಬೇಕು. ಸೀಟಿನ ಮೇಲೆ ಕೂದಲೆಳೆಯಷ್ಟು ಲೋಹ ಸವರುವುದಕ್ಕೆ ಅಷ್ಟು ದೊಡ್ಡ ಕೆಲಸ! ಮನೆಯ ಶೆಡ್ಡಿನಲ್ಲಿ, ಜೀಪು ನಿಂತಲ್ಲೇ ಸೀಟು ಸರಿಮಾಡುವ ಉಪಕರಣ ಯಾವುದು ಎಂದು ನಾನು ಹುಡುಕಲು ಹೊರಟಿದ್ದು ಹೀಗೆ. ಹುಡುಕುತ್ತ ಹೋದಂತೆ ಎಂಜಿನ್ನಿನೊಳಗಿನ ಆ ಸಣ್ಣ ಉಂಗುರದ ಮೇಲೆ ನನಗೆ ದೊಡ್ಡ ಗೌರವ ಹುಟ್ಟಿತು.

ಸೀಟು ಮಾಡುವ ಕೆಲಸವನ್ನೇ ನೋಡಿ. ಎಂಜಿನ್ ನಿಮಿಷಕ್ಕೆ 2400 ಸುತ್ತು ತಿರುಗುತ್ತಿದ್ದರೆ ಒಂದೊಂದು ವಾಲ್ವೂ ಸೆಕೆಂಡಿಗೆ 20 ಸಲ ಎದ್ದು ಕೂರುತ್ತದೆ. ಕೂತಾಗಲೆಲ್ಲ ಬೆಂಕಿಯನ್ನು ಒಳಗೇ ತಡೆದು ಹಿಡಿಯಬೇಕು. ಹಿಡಿಯುವುದು ಅರ್ಧ ಕೆಲಸ ಮಾತ್ರ, ಇನ್ನರ್ಧ ಬಿಸಿ ಇಳಿಸುವುದು. ಎಕ್ಸಾಸ್ಟ್ ವಾಲ್ವಿನ ತಲೆ ದುಡಿತದ ಹೊತ್ತಿನಲ್ಲಿ 700 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿಗೆ ಕಾಯುತ್ತದೆ. ಆ ಬಿಸಿಯಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಪಾಲು ಸೀಟಿನ ಮೂಲಕವೇ ಬ್ಲಾಕಿಗೆ, ಅಲ್ಲಿಂದ ರೇಡಿಯೇಟರ್ ನೀರಿಗೆ ಹೋಗಬೇಕು. ಉಳಿದದ್ದು ವಾಲ್ವಿನ ಕಾಂಡದಿಂದ, ಅದು ಓಡಾಡುವ ಗೈಡಿಗೆ. ಅಂದರೆ ವಾಲ್ವ್ ತಣ್ಣಗಾಗುವುದು ಹೆಚ್ಚಾಗಿ ಕೂತಾಗಲೇ. ಸುತ್ತ ಎಲ್ಲೋ ಒಂದು ಕಡೆ ಸರಿಯಾಗಿ ಕೂರದಿದ್ದರೆ ಅಲ್ಲಿ ಬಿಸಿ ಇಳಿಯುವುದಿಲ್ಲ. ಜೊತೆಗೆ ಅದೇ ಸಂದಿಯಲ್ಲಿ ಉರಿಯುವ ಅನಿಲ ನುಗ್ಗುತ್ತದೆ. ಮೊದಲು ಕಪ್ಪು ಚುಕ್ಕೆ, ಆಮೇಲೆ ಕಚ್ಚು, ಕೊನೆಗೆ ವಾಲ್ವಿನ ಅಂಚು ಸುಟ್ಟು ತುಂಡೇ ಹೋಗಿರುತ್ತದೆ. ವಾಲ್ವನ್ನು ಎತ್ತುವ ಟ್ಯಾಪೆಟ್ ತೀರ ಬಿಗಿ ಇಟ್ಟರೂ ಇದೇ ಗತಿ, ವಾಲ್ವಿಗೆ ಪೂರ್ತಿ ಕೂರಲು ಬಿಡುವೇ ಸಿಗುವುದಿಲ್ಲ.

ಆದ್ದರಿಂದ ಸೀಟಿನ ಅಗಲಕ್ಕೂ ಲೆಕ್ಕವಿದೆ. ಅಗಲ ಹೆಚ್ಚಾದರೆ ಒತ್ತಡ ಹಂಚಿಹೋಗಿ ಹಿಡಿತ ಸಡಿಲವಾಗುತ್ತದೆ, ಇಂಗಾಲದ ಪುಡಿ ಸಿಕ್ಕಿಕೊಳ್ಳುತ್ತದೆ. ಕಿರಿದಾದರೆ ಹಿಡಿತ ಚೆನ್ನ, ಆದರೆ ಬಿಸಿ ಇಳಿಯಲು ದಾರಿ ಸಾಲದು. ಸಾಮಾನ್ಯವಾಗಿ ಇನ್ಲೆಟ್ಟಿಗೆ 1ರಿಂದ 1.5 ಮಿಲಿಮೀಟರ್, ಎಕ್ಸಾಸ್ಟಿಗೆ 1.5ರಿಂದ 2. ಖಚಿತ ಅಳತೆಗೆ ಆಯಾ ಎಂಜಿನ್ನಿನ ಕೈಪಿಡಿಯನ್ನೇ ನೋಡಬೇಕು. ಈ ಅಗಲವನ್ನು ಪಡೆಯುವುದು ಮೂರು ಕೋನಗಳಿಂದ. ನಡುವೆ ವಾಲ್ವ್ ಕೂರುವ 45 ಡಿಗ್ರಿಯ ಪಟ್ಟಿ. ಮೇಲಂಚನ್ನು 30 ಡಿಗ್ರಿಯಲ್ಲಿ ಸವರಿದರೆ ಪಟ್ಟಿ ಕೆಳಕ್ಕೆ ಸರಿಯುತ್ತದೆ, ಕೆಳಗಿನ ಗಂಟಲನ್ನು 60 ಡಿಗ್ರಿಯಲ್ಲಿ ಸವರಿದರೆ ಮೇಲಕ್ಕೆ ಸರಿಯುತ್ತದೆ. ಎರಡು ಕಡೆಯಿಂದ ತಿದ್ದುತ್ತ ಪಟ್ಟಿಯನ್ನು ವಾಲ್ವಿನ ಮುಖದ ನಡುಮಧ್ಯಕ್ಕೆ ತಂದು ನಿಲ್ಲಿಸುವಾಗ ಸಿಗುವ ಸಂತೋಷ, ಕೈಕೆಲಸ ಬಲ್ಲವರಿಗೆ ಹೇಳಬೇಕಾಗಿಲ್ಲ.

ಈಗ ಉಪಕರಣಗಳ ಮಾತು. ಎಲ್ಲರಿಗೂ ಗೊತ್ತಿರುವುದು, ಎಲ್ಲ ಸ್ಪೇರ್ಸ್ ಅಂಗಡಿಯಲ್ಲೂ ಸಿಗುವುದು ಗ್ರೈಂಡಿಂಗ್ ಪೇಸ್ಟು. ಡಬ್ಬಿಯ ಒಂದು ಕಡೆ ಒರಟು, ಇನ್ನೊಂದು ಕಡೆ ನಯ. ಅದರೊಳಗೆ ಅರೆಯುವ ಕೆಲಸ ಮಾಡುವ ಪುಡಿ ಹೆಚ್ಚಾಗಿ ಕಾರ್ಬೊರಂಡಮ್. 1891ರಲ್ಲಿ ಅಮೆರಿಕದ ಎಡ್ವರ್ಡ್ ಆಚೆಸನ್ ಜೇಡಿಮಣ್ಣನ್ನೂ ಕೋಕ್ ಕಲ್ಲಿದ್ದಲನ್ನೂ ವಿದ್ಯುತ್ತಿನಿಂದ ಕಾಯಿಸಿ ಕೃತಕ ವಜ್ರ ಮಾಡಲು ಹೊರಟಾಗ ಸಿಕ್ಕಿದ ಹರಳು ಅದು. ವಜ್ರವಲ್ಲ, ಆದರೆ ಗಟ್ಟಿತನದಲ್ಲಿ ಅದರ ಹತ್ತಿರದ ನೆಂಟ. ಪೇಸ್ಟನ್ನು ಸೀಟಿಗೆ ತೆಳುವಾಗಿ ಸವರಿ, ರಬ್ಬರ್ ಬಟ್ಟಲಿನ ಕೋಲನ್ನು ವಾಲ್ವಿನ ತಲೆಗೆ ಅಂಟಿಸಿ, ಎರಡು ಅಂಗೈಗಳ ನಡುವೆ ಮಜ್ಜಿಗೆ ಕಡೆಯುವ ಹಾಗೆ ಹಿಂದಕ್ಕೂ ಮುಂದಕ್ಕೂ ಉರುಳಿಸಬೇಕು. ಆಗಾಗ ವಾಲ್ವನ್ನು ಎತ್ತಿ ಜಾಗ ಬದಲಿಸಬೇಕು. ಬ್ಲಾಕಿನಲ್ಲಿರುವ ವಾಲ್ವಿಗೆ ಹಳೆಯ ಮೇಸ್ತ್ರಿಗಳು ಕೆಳಗೊಂದು ಮೆತ್ತನೆಯ ಸ್ಪ್ರಿಂಗ್ ಇಡುತ್ತಾರೆ. ಕೈ ಸಡಿಲಿಸಿದೊಡನೆ ವಾಲ್ವ್ ತಾನೇ ಮೇಲೇಳುತ್ತದೆ, ಪೇಸ್ಟ್ ಮತ್ತೆ ಹರಡಿಕೊಳ್ಳುತ್ತದೆ. ಸೊಗಸಾದ ಉಪಾಯ. ಇದೇ ಕೆಲಸಕ್ಕೆ ಡ್ರಿಲ್ ಮಷೀನ್ ಕಟ್ಟುವವರಿದ್ದಾರೆ, ಅದು ಬೇಡ. ಒಂದೇ ದಿಕ್ಕಿಗೆ ಜೋರಾಗಿ ಸುತ್ತಿದರೆ ಪೇಸ್ಟಿನ ಕಾಳುಗಳು ಒಂದೇ ಜಾಡಿನಲ್ಲಿ ಓಡಿ ಸೀಟಿನ ಸುತ್ತ ಗೀರು ಬೀಳಿಸುತ್ತವೆ. ಗೀರೆಂದರೆ ಅನಿಲಕ್ಕೆ ದಾರಿ.

ಪೇಸ್ಟಿನ ಮೇಲೆ ನನಗೆ ಪ್ರೀತಿಯಿದೆ. ಆದರೆ ಅದು ಪರೀಕ್ಷೆಗೆ, ಕೊನೆಯ ಹೊಂದಾಣಿಕೆಗೆ, ರಿಪೇರಿಗಲ್ಲ. ಸೀಟಿನಲ್ಲಿ ಕಚ್ಚು ಬಿದ್ದಿದ್ದರೆ ಪೇಸ್ಟಿನಿಂದ ಅದನ್ನು ಅಳಿಸುವಷ್ಟರಲ್ಲಿ ವಾಲ್ವೂ ಅಷ್ಟೇ ಸವೆದಿರುತ್ತದೆ, ಅದರ ಮುಖದಲ್ಲಿ ಹಳ್ಳ ಬಿದ್ದಿರುತ್ತದೆ, ಸೀಟು ಅಗಲವಾಗಿರುತ್ತದೆ. ಇನ್ನೂ ಒಂದು ವಿಷಯವಿದೆ. ನಾವು ಉಜ್ಜುವುದು ತಣ್ಣಗಿರುವ ವಾಲ್ವನ್ನು. ಓಡುವಾಗ ಅದು ಕಾದು ಹಿಗ್ಗಿ ಸ್ವಲ್ಪ ಮೇಲೆ ಕೂರುತ್ತದೆ. ಉಜ್ಜಿ ಉಜ್ಜಿ ಮಾಡಿದ ಹಳ್ಳಕ್ಕೆ ಅದು ಆಗ ಹೊಂದುವುದೇ ಇಲ್ಲ. ಬೂದು ಬಣ್ಣದ ಉಂಗುರ ಸುತ್ತಲೂ ಕಡಿಯದೆ ಮೂಡಿದೆಯೇ ಎಂದು ನೋಡುವುದಕ್ಕೆ ಪೇಸ್ಟು ಬೇಕು. ಮೂಡದಿದ್ದರೆ ಡಬ್ಬಿ ಮುಚ್ಚಿ ಕಟರ್ ತೆಗೆಯಬೇಕು.

ಕಟರಿಗಿಂತ ಮೊದಲು ಪೈಲಟ್. ಈ ಪ್ರಬಂಧದಲ್ಲಿ ನಾನು ಒತ್ತಿ ಹೇಳಬೇಕೆಂದಿರುವುದು ಇದೊಂದನ್ನೇ. ವಾಲ್ವಿನ ಕಾಂಡ ಓಡಾಡುವ ಗೈಡಿನಲ್ಲಿ ಒಂದು ಉಕ್ಕಿನ ಸರಳನ್ನು ಬಿಗಿಯಾಗಿ ನಿಲ್ಲಿಸುತ್ತಾರೆ, ಅದೇ ಪೈಲಟ್. ಕಟರ್ ಅದರ ಮೇಲೆ ಕೂತು ತಿರುಗುತ್ತದೆ. ಸೀಟು ಗೈಡಿಗೆ ಒಂದೇ ಕೇಂದ್ರದಲ್ಲಿ ಇರಬೇಕೆಂಬುದಷ್ಟೇ ಈ ಇಡೀ ಕೆಲಸದ ಗುರಿ. ಸುತ್ತಳತೆಯಲ್ಲಿ 0.05 ಮಿಲಿಮೀಟರಿಗಿಂತ ಹೆಚ್ಚು ಓಲಾಟ ಇರಬಾರದು ಎಂಬುದು ಸಾಮಾನ್ಯ ಲೆಕ್ಕ. ಪೈಲಟ್ ಒಂದಿಷ್ಟು ವಾಲಿದರೂ ಜಗತ್ತಿನ ಅತ್ಯುತ್ತಮ ಕಟರ್ ವಾಲಿದ ಸೀಟನ್ನೇ ಕಡಿಯುತ್ತದೆ, ಅದೂ ಕನ್ನಡಿಯಂತೆ ನುಣ್ಣಗೆ. ನೋಡಲು ಚೆಂದ, ಹಿಡಿಯಲು ನಾಲಾಯಕ್ಕು. ಪೈಲಟ್ ವಾಲದಿರಬೇಕಾದರೆ ಗೈಡು ಸವೆದಿರಬಾರದು. ಗೈಡು ಬಾಯಿಯ ಹತ್ತಿರ ಹೆಚ್ಚು ಸವೆದು, ಒಂದು ದಿಕ್ಕಿಗೆ ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ನನಗೆ ಈ ಕೆಲಸ ತೋರಿಸಿಕೊಟ್ಟ ಹಿರಿಯ ಮೇಸ್ತ್ರಿ ಹೆಡ್ ಬಿಚ್ಚಿದೊಡನೆ ವಾಲ್ವನ್ನು ಅರ್ಧ ಎತ್ತಿ ಹಿಡಿದು ಆ ಕಡೆ ಈ ಕಡೆ ಅಲ್ಲಾಡಿಸುತ್ತಿದ್ದರು. "ಗೈಡ್ ನೋಡ್ದೆ ಸೀಟ್ ಮುಟ್ಬ್ಯಾಡಿ ಸಾರ್, ಸುಮ್ನೆ ದುಡ್ಡು ದಂಡ" ಅನ್ನುವರು. ಗೈಡು ಅಲ್ಲಾಡಿದರೆ ಮೊದಲು ಗೈಡು ಬದಲಿಸಿ, ರೀಮರ್ ಎಳೆದು, ಆಮೇಲೆ ಸೀಟು. ಈ ಸರದಿ ತಪ್ಪಿಸುವ ಹಾಗಿಲ್ಲ.

ಪೈಲಟ್ ಕೊಳ್ಳುವಾಗ ಅಳತೆಯ ಜಾತಿ ನೋಡಬೇಕು. ಜೀಪಿನ ಎಂಜಿನ್ ಇಂಚಿನ ಸಂಸಾರ. ಅದರ ವಾಲ್ವಿನ ಕಾಂಡ ಮೇಸ್ತ್ರಿಗಳ ಮಾತಿನಲ್ಲಿ ಮೂರು ಸೂತು, ಅಂದರೆ 3/8 ಇಂಚಿನ ಹತ್ತಿರ. ಮಿಲಿಮೀಟರ್ ಪೈಲಟ್ ತಂದು ಕಾಗದ ಸುತ್ತಿ ಹೊಂದಿಸುವ ಕೆಲಸ ಮಾಡಬಾರದು. ಪೈಲಟ್‌ಗಳಲ್ಲಿ ಎರಡು ಬಗೆ: ತುದಿ ಕಡೆಗೆ ಸಣ್ಣಗಾಗುತ್ತ ಹೋಗಿ ಗೈಡಿನಲ್ಲಿ ಕಚ್ಚಿಕೊಳ್ಳುವ ಗಟ್ಟಿ ಸರಳು, ತಿರುಪು ತಿರುಗಿಸಿದರೆ ಒಳಗೇ ಹಿಗ್ಗಿ ಹಿಡಿಯುವ ಸರಳು. ಹಿಗ್ಗುವುದು ಅನುಕೂಲ, ಹಲವು ಗೈಡುಗಳಿಗೆ ಒಂದೇ ಸಾಕಾಗುತ್ತದೆ. ನನ್ನ ಮತ ಮಾತ್ರ ಗಟ್ಟಿ ಸರಳಿಗೆ. ಒಂದೇ ಎಂಜಿನ್ನಿಗೆ ಬೇಕಾದವನು ಆ ಎಂಜಿನ್ನಿನ ಅಳತೆಗೆ ಸರಿಯಾದ ಒಂದೆರಡನ್ನು, ಸಾವಿರದ ಒಂದಂಶ ಇಂಚಿನಷ್ಟು ಹೆಚ್ಚುಕಡಿಮೆಯವು, ಇಟ್ಟುಕೊಂಡರೆ ಬೇರೇನೂ ಬೇಡ.

ಇನ್ನು ಕಡಿಯುವ ಸಾಧನ. ಕಲ್ಲೋ ಕಟರೋ? ಗ್ಯಾರೇಜುಗಳ ಹಳೆಯ ಕಾಲದ ವೈಭವ ಕಲ್ಲಿನದು. ಪೈಲಟ್ ಮೇಲೆ ಕೂರುವ ಹಿಡಿಗೆ ಉರುಟು ಸಾಣೆಕಲ್ಲು ತಿರುಪಿ, ಡ್ರಿಲ್ಲಿನಂಥ ವಿದ್ಯುತ್ ಯಂತ್ರದಿಂದ ಜೋರಾಗಿ ತಿರುಗಿಸಿದರೆ ಕೆಲವೇ ಸೆಕೆಂಡುಗಳಲ್ಲಿ ಸೀಟು ಹೊಳೆಯುತ್ತದೆ. ಎಷ್ಟೇ ಗಟ್ಟಿ ಸೀಟಾದರೂ ಕಲ್ಲು ಹೆದರುವುದಿಲ್ಲ. ಅಮೆರಿಕದ ಸಿಯೂ, ಬ್ಲ್ಯಾಕ್ ಆಂಡ್ ಡೆಕರ್ ಹೆಸರಿನ ಹಳೆಯ ಪೆಟ್ಟಿಗೆಗಳನ್ನು ಇವತ್ತಿಗೂ ಜೋಪಾನವಾಗಿ ಇಟ್ಟುಕೊಂಡವರಿದ್ದಾರೆ. ಆದರೆ ಕಲ್ಲು ಸವೆಯುತ್ತದೆ. ಒಂದೆರಡು ಸೀಟಿಗೊಮ್ಮೆ ವಜ್ರದ ಮೊನೆಯಿಂದ ಅದರ ಕೋನವನ್ನು ಮತ್ತೆ ತಿದ್ದಬೇಕು. ತಿದ್ದುವುದಕ್ಕೆ ಬೇರೆ ಸಲಕರಣೆ, ಅದನ್ನು 45ಕ್ಕೆ ಕರಾರುವಾಕ್ಕಾಗಿ ಹೊಂದಿಸುವುದಕ್ಕೆ ಬೇರೆ ಪರಿಣತಿ. ದಿನವೂ ಹತ್ತಾರು ಹೆಡ್ ಬರುವ ವರ್ಕ್‌ಶಾಪಿಗೆ ಸರಿ. ಮನೆಗೆ ಅದು ಹೆಚ್ಚಾಯಿತು.

ಹರಿಕೇನಿನಂಥ ಎಂಜಿನ್ನಿಗೆ ಕಲ್ಲು ಬೇಡವೆನ್ನಲು ಇನ್ನೂ ಬಲವಾದ ಕಾರಣ ಅದರ ಪುಡಿ. ಸೀಟಿನ ಪಕ್ಕದಲ್ಲೇ ಸಿಲಿಂಡರ್ ಬಾಯಿ ತೆರೆದುಕೊಂಡಿರುತ್ತದೆ. ಕಲ್ಲಿನ ಪುಡಿ ಅಂದರೆ ಲೋಹವನ್ನು ತಿನ್ನಲೆಂದೇ ಹುಟ್ಟಿದ ಪುಡಿ. ಅದು ಪಿಸ್ಟನ್ ಪಕ್ಕಕ್ಕೆ ಇಳಿದರೆ ರಿಂಗನ್ನೂ ಬೋರನ್ನೂ ತಿನ್ನುತ್ತದೆ. ಕೈ ಕಟರ್ ಹಾಗಲ್ಲ. ಅದು ಎಬ್ಬಿಸುವುದು ಲೋಹದ ಸಣ್ಣ ಚೂರು. ಸಿಲಿಂಡರಿಗೆ ಬಟ್ಟೆ ತುರುಕಿ, ಅಂಚಿಗೆ ಗ್ರೀಸ್ ಬಳಿದು, ಕಟರಿನ ಹಲ್ಲಿಗೂ ತುಸು ಗ್ರೀಸ್ ಹಚ್ಚಿದರೆ ಚೂರೆಲ್ಲ ಅಲ್ಲಿಗೇ ಅಂಟಿಕೊಳ್ಳುತ್ತದೆ. ಕಡೆಯ ಸಿಲಿಂಡರಿನ ಹತ್ತಿರ ಜಾಗ ಕಡಿಮೆ. ಅಲ್ಲಿ ದೊಡ್ಡ ಯಂತ್ರವನ್ನು ನೆಟ್ಟಗೆ ಹಿಡಿಯುವುದೇ ಕಷ್ಟ. ಗಿಡ್ಡ ಟೀ ಹ್ಯಾಂಡಲ್ ಆದರೆ ಕಾಲು ಸುತ್ತು, ಅರ್ಧ ಸುತ್ತು ಎಂದು ಕೈ ಬದಲಿಸುತ್ತ ತಿರುಗಿಸಬಹುದು.

ಕೈ ಕಟರುಗಳಲ್ಲೂ ಅಂತಸ್ತುಗಳಿವೆ. ಕೆಳಗಿನದು, ಒಂದೇ ಉಕ್ಕಿನ ತುಂಡಿನಲ್ಲಿ ಹಲ್ಲು ಕೊರೆದ ಅಗ್ಗದ ಕಟರು. ಮರದ ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿ ಇಟ್ಟಿರುತ್ತಾರೆ. ಪೆಟ್ಟಿಗೆಯ ಅಂದಕ್ಕೆ ಮರುಳಾಗಿ ಕೊಳ್ಳುವ ಮನಸ್ಸಾಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಇಂಥವನ್ನು ಕೈಗೆ ತೆಗೆದುಕೊಂಡು ನೋಡುವ ಅವಕಾಶವಿದ್ದರೆ ಬಿಡಬಾರದು. ಕಟರನ್ನು ಅದರ ಪೈಲಟ್ ಮೇಲೆ ಇಳಿಸಿ ಅಲ್ಲಾಡಿಸಿ ನೋಡಿ. ಸ್ವಲ್ಪವೂ ಕುಲುಕಬಾರದು, ಹಾಗೆಂದು ಹಿಡಿದುಕೊಳ್ಳಲೂಬಾರದು. ಎಣ್ಣೆ ಹಚ್ಚಿದರೆ ತನ್ನ ಭಾರಕ್ಕೆ ತಾನೇ ಜಾರಿ ಇಳಿಯಬೇಕು. ಇದೊಂದು ಪರೀಕ್ಷೆಯಲ್ಲಿ ಬಿದ್ದುಹೋಗುವ ಪೆಟ್ಟಿಗೆಗಳು ಬಹಳ. ಇಪ್ಪತ್ತು ಕಟರಿನ ಕುಲುಕುವ ಪೆಟ್ಟಿಗೆಗಿಂತ ಕುಲುಕದ ಮೂರು ಕಟರು ಮೇಲು.

ಮೇಲಿನ ಅಂತಸ್ತಿನದು ಟಂಗ್‌ಸ್ಟನ್ ಕಾರ್ಬೈಡ್ ಅಲಗಿನವು. ಅಮೆರಿಕದ ಮಿಷಿಗನ್ನಿನ ನ್ಯೂವೇ ಕಟರುಗಳು ಈ ಬಗೆಯಲ್ಲಿ ಹೆಸರುವಾಸಿ. ಅಲಗುಗಳನ್ನು ಒಳಕ್ಕೂ ಹೊರಕ್ಕೂ ಸರಿಸಿ ಸೀಟಿನ ವ್ಯಾಸಕ್ಕೆ ಹೊಂದಿಸಬಹುದು, ಮೊಂಡಾದರೆ ಅಲಗು ಮಾತ್ರ ಬದಲಿಸಬಹುದು. ಅವರ ಕಟರಿನ ಕೋನ 45ರ ಬದಲು 46 ಇರುತ್ತದೆ. ವಾಲ್ವಿನ ಮುಖ 45, ಸೀಟು 46 ಆದಾಗ ಶುರುವಿಗೆ ಎರಡೂ ಒಂದು ಸಣ್ಣ ಗೆರೆಯ ಮೇಲೆ ಮುಟ್ಟಿ, ಒತ್ತಡವೆಲ್ಲ ಆ ಗೆರೆಗೇ ಬಿದ್ದು, ಓಡುತ್ತ ಓಡುತ್ತ ತಾವೇ ಹೊಂದಿಕೊಳ್ಳುತ್ತವೆ. ಬೆಲೆ ಹೆಚ್ಚು. ಆದರೆ ಹರಿಕೇನಿನ ಎಕ್ಸಾಸ್ಟ್ ಸೀಟು ಬ್ಲಾಕಿಗೆ ಒತ್ತಿ ಕೂರಿಸಿದ ಗಟ್ಟಿ ಮಿಶ್ರಲೋಹದ ಉಂಗುರ. ಅದರ ಮೇಲೆ ಅಗ್ಗದ ಕಟರು ಜಾರುತ್ತದೆ, ಜಾರಿ ಜಾರಿ ಇನ್ನಷ್ಟು ಹೊಳಪು ಕೊಡುತ್ತದೆ, ಆ ಹೊಳಪಿನ ಮೇಲೆ ಆಮೇಲೆ ಯಾವ ಹಲ್ಲೂ ನಾಟುವುದಿಲ್ಲ. ಗಟ್ಟಿ ಸೀಟಿಗೆ ಕಾರ್ಬೈಡೇ ಬೇಕು. ಅದರಲ್ಲೂ ನನ್ನ ಸಲಹೆ, ಮೊದಲು 45ರ ಒಂದು ತಲೆ ಮತ್ತು ಪೈಲಟ್ ಕೊಳ್ಳಿ. 30, 60 ಆಮೇಲೆ ಕೂಡಿಸಿದರಾಯಿತು. ಸೀಟು ಅಗಲವಾಗದ, ಪಟ್ಟಿ ಜಾಗ ತಪ್ಪದ ಹೊರತು ಅವುಗಳ ಕೆಲಸ ಬರುವುದಿಲ್ಲ.

ಸೀಟಿನ ಲೋಹ ನೋಡಿ ಉಪಕರಣ ಎಂಬುದಕ್ಕೆ ಅಂಬಾಸಿಡರ್ ಇನ್ನೊಂದು ಉದಾಹರಣೆ. ಅದರ 1489 ಸಿಸಿ ಪೆಟ್ರೋಲ್ ಎಂಜಿನ್ನಿನ ಹೆಡ್ ಬೀಡುಕಬ್ಬಿಣದ್ದು, ಸೀಟನ್ನು ಅದರಲ್ಲೇ ಕಡಿದಿರುತ್ತಾರೆ. ಮೆತ್ತಗಿನ ಲೋಹ, ಸಾಧಾರಣ ಉಕ್ಕಿನ ಕಟರಿಗೂ ಬಗ್ಗುತ್ತದೆ. ಸೀಸ ಬೆರೆತ ಪೆಟ್ರೋಲಿದ್ದ ಕಾಲದಲ್ಲಿ ಸೀಸದ ತೆಳು ಲೇಪ ಅಂಥ ಸೀಟಿಗೆ ಮೆತ್ತೆಯಾಗಿತ್ತು. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲ್ ಬಂತು. ಜನರ ಶ್ವಾಸಕ್ಕೆ, ಮಕ್ಕಳ ಮೆದುಳಿಗೆ ಅದು ಬರಲೇಬೇಕಾಗಿತ್ತು, ಎರಡು ಮಾತಿಲ್ಲ. ಹಳೆಯ ಮೆತ್ತನೆಯ ಸೀಟುಗಳ ಮೆತ್ತೆ ಮಾತ್ರ ಹೋಯಿತು, ವಾಲ್ವು ಬಡಿದು ಬಡಿದು ಒಳಕ್ಕೆ ಇಳಿಯತೊಡಗಿತು. ಅಂಥ ಹೆಡ್ಡಿಗೆ ಮನೆಯಲ್ಲಿ ಪ್ರತಿ ಸಲ ಕಟರ್ ಹಾಕುತ್ತ ಹೋದರೆ ವಾಲ್ವನ್ನು ನಾವೇ ಬಾವಿಗೆ ಇಳಿಸಿದ ಹಾಗೆ. ಗಟ್ಟಿ ಉಂಗುರ ಕೂರಿಸಿಕೊಂಡು ಬರುವುದೇ ಸರಿ, ಅದಕ್ಕೆ ವರ್ಕ್‌ಶಾಪ್ ಬೇಕು. ಉಂಗುರ ಸಡಿಲವಾಗಿದ್ದರೂ, ಎರಡು ಸೀಟುಗಳ ನಡುವೆ ಬಿರುಕು ಕಂಡರೂ ಅಷ್ಟೇ. ಫ್ರಾನ್ಸಿನ ಸೆರ್ಡಿಯಂಥ ಮಷೀನುಗಳು ಮೂರೂ ಕೋನವನ್ನು ಒಂದೇ ಅಲಗಿನಲ್ಲಿ, ಒಂದೇ ಸಲಕ್ಕೆ ಕಡಿಯುವುದನ್ನು ನಿಂತು ನೋಡಿದರೆ ಹೊಟ್ಟೆ ತುಂಬುತ್ತದೆ. ಆ ಕೆಲಸಕ್ಕೆ ನಮ್ಮ ಕೈ ಪೈಪೋಟಿಯಲ್ಲ.

ಕೈಗಿರುವುದು ಬೇರೆಯದೇ ಒಂದು ಅನುಕೂಲ: ಕಟರು ಏನು ಹೇಳುತ್ತಿದೆಯೆಂದು ಅದಕ್ಕೆ ತಿಳಿಯುತ್ತದೆ. ಗೈಡಿನ ನೇರಕ್ಕೆ ಸಮನಾಗಿ ಒತ್ತಿ, ಬಲಕ್ಕೆ ಮಾತ್ರ ತಿರುಗಿಸಬೇಕು. ಹಿಂದಕ್ಕೆ ತಿರುಗಿಸಿದರೆ ಅಲಗಿನ ಅಂಚು ಉದುರುತ್ತದೆ. ಮೊದಲ ಸುತ್ತಿನಲ್ಲಿ ಕಟರು ಒಂದು ಕಡೆ ಕಚ್ಚಿ ಇನ್ನೊಂದು ಕಡೆ ಜಾರುವುದು ಬೆರಳಿಗೆ ಗೊತ್ತಾಗುತ್ತದೆ. ಸೀಟು ಎಲ್ಲಿ ತಗ್ಗಾಗಿದೆ ಎಂದು ಕಣ್ಣಿಗಿಂತ ಮೊದಲು ಅದು ಹೇಳುತ್ತದೆ. ಎರಡನೆಯದೋ ಮೂರನೆಯದೋ ಸುತ್ತಿಗೆ ಕಚ್ಚು ಸುತ್ತಲೂ ಒಂದೇ ಸಮನಾಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಇನ್ನೊಂದು ಸುತ್ತು ಹಾಕೋಣವೆಂಬ ಆಸೆಗೆ ಬೀಳಬಾರದು. ಕಡಿದ ಲೋಹ ತಿರುಗಿ ಬರುವುದಿಲ್ಲ. ಪ್ರಷ್ಯನ್ ನೀಲಿಯನ್ನು ತೆಳ್ಳಗೆ ಹಚ್ಚಿ ವಾಲ್ವನ್ನು ಒತ್ತಿ ಎತ್ತಿದರೆ ಪಟ್ಟಿ ಎಲ್ಲಿ ಮುಟ್ಟಿದೆ ಎಂಬುದು ಸ್ಪಷ್ಟ. ಮೇಲಂಚಿಗೆ ಹೋಗಿದ್ದರೆ 30, ಕೆಳಗೆ ಹೋಗಿದ್ದರೆ 60, ಕೊನೆಗೆ 45ರಿಂದ ಹಗುರವಾಗಿ ಒಂದು ಸುತ್ತು. ಆಮೇಲೆ ನಯವಾದ ಪೇಸ್ಟಿನಿಂದ ನಾಲ್ಕಾರು ಸಲ ಉರುಳಿಸಿ ನೋಡುವುದು. ಪೇಸ್ಟನ್ನು ಸೀಮೆಎಣ್ಣೆಯಿಂದ ತೊಳೆದು, ಒರೆಸಿ, ಮತ್ತೆ ತೊಳೆಯಬೇಕು; ಗೈಡಿನೊಳಗೆ ಒಂದು ಕಾಳು ಉಳಿದರೂ ಹೊಸ ಗೈಡು ಹಳೆಯದಾಗುತ್ತದೆ.

ಬ್ಲಾಕಿನ ವಾಲ್ವುಗಳಿಗೆ ಸ್ಪ್ರಿಂಗ್ ಹಿಡಿದಿಡುವ ಸಣ್ಣ ಲಾಕ್ ಹಾಕುವ ಮುನ್ನ ಟ್ಯಾಪೆಟ್ ಕೋಣೆಯ ತಳದ ತೂತುಗಳಿಗೆ ಬಟ್ಟೆ ತುಂಬಿ. ಆ ತೂತಿನಿಂದ ಜಾರಿದ ಲಾಕ್ ನೇರ ಆಯಿಲ್ ಸಂಪಿಗೆ ಹೋಗುತ್ತದೆ, ಅದನ್ನು ತೆಗೆಯಲು ಜೀಪಿನಡಿಗೆ ಮಲಗಬೇಕು. ಸೀಟು ಕಡಿದಷ್ಟೂ ವಾಲ್ವ್ ಟ್ಯಾಪೆಟ್ ಕಡೆಗೆ ಇಳಿದಿರುವುದರಿಂದ ಸಂದು ಕಡಿಮೆಯಾಗಿರುತ್ತದೆ. ಟ್ಯಾಪೆಟ್ ಹೊಸದಾಗಿ ಇಡಲೇಬೇಕು, ನಾಲ್ಕು ದಿನ ಓಡಿಸಿದ ಮೇಲೆ ಮತ್ತೊಮ್ಮೆ ನೋಡಬೇಕು.

ಉಪಕರಣವನ್ನು ಇಡುವುದರಲ್ಲೂ ಶಿಸ್ತು ಬೇಕು. ಮಲೆನಾಡಿನ ಮಳೆಗಾಲದಲ್ಲಿ ಒರೆಸಿಟ್ಟ ಉಕ್ಕಿಗೂ ಬೇಗ ತುಕ್ಕು ಹತ್ತುತ್ತದೆ, ಪೈಲಟ್ಟಿನ ಮೇಲೆ ತುಕ್ಕಿನ ಒಂದು ಚುಕ್ಕೆ ಎದ್ದರೂ ಕಟರು ಅಲ್ಲಿ ತಡೆದು ನಿಲ್ಲುತ್ತದೆ. ನಾನು ಪೈಲಟ್ಟುಗಳನ್ನು ಎಣ್ಣೆ ಕಾಗದದಲ್ಲಿ ಸುತ್ತಿ, ಒಂದಕ್ಕೊಂದು ತಾಗದಂತೆ ಪಿವಿಸಿ ಪೈಪಿನ ತುಂಡುಗಳೊಳಗೆ ಇಡುತ್ತೇನೆ. ಕಾರ್ಬೈಡ್ ಅಲಗು ಗಟ್ಟಿಯಾದಷ್ಟೂ ಪೆಡಸು, ನೆಲಕ್ಕೆ ಬಿದ್ದರೆ ಮೂಲೆ ಹಾರುತ್ತದೆ, ಆದ್ದರಿಂದ ಕಟರಿಗೆ ಬಟ್ಟೆಯ ಚೀಲ. ಅಕ್ಕಪಕ್ಕದ ತೋಟದವರು ಬುಲೆಟ್ಟಿನ ಹೆಡ್ಡಿಗೆಂದು ಕೇಳಿಕೊಂಡು ಬಂದಾಗ ಕಟರು, ಹ್ಯಾಂಡಲ್, ಪೇಸ್ಟು ಎಲ್ಲವನ್ನೂ ಕೊಟ್ಟು ಕಳಿಸುತ್ತೇನೆ. ಪೈಲಟ್ ಮಾತ್ರ ಕೊಡುವುದಿಲ್ಲ. ಹೆಡ್ಡನ್ನೇ ಇಲ್ಲಿಗೆ ತನ್ನಿ, ಗೈಡು ಹೇಗಿದೆ ಎಂದು ಮೊದಲು ಇಬ್ಬರೂ ಕೂತು ನೋಡೋಣ ಅನ್ನುತ್ತೇನೆ.